ಹನ್ನೆರಡು ನಿಮಿಷ ಮುಂಚೆ ಮುಳುಗಿದ ಸೂರ್ಯ

ನಾನು ಒಂದು ಸಲ ಗುಬ್ಬಿಯಲ್ಲಿ ಸೂರ್ಯನನ್ನು ಹನ್ನೆರಡು ನಿಮಿಷ ಮುಂಚೆ ಮುಳುಗಿಸಿದ್ದೇನೆ. ಆಗ ನನಗೆ ಹತ್ತು ವರ್ಷ. ಮೋಡ ಕವಿದ ಒಂದು ರಂಜಾನ್ ಸಂಜೆ, ಕರೆಂಟು ಹೋಗಿ ಮಸೀದಿಯ ಮೈಕು ಮೂಕವಾಗಿದ್ದಾಗ, ಅಲ್ಲಿ ನಮಾಜಿಗೆ ಕರೆಯುವ ಹಜರತ್ತರ ಗಂಟಲನ್ನು ಹೇಳದೆ ಕೇಳದೆ ತೆಗೆದುಕೊಂಡು, ಹಿತ್ತಿಲ ಗೋಡೆಯ ಮೇಲೆ ಕೂತು ಬಾಂಗು ಕೂಗಿದೆ. ದಿನವಿಡೀ ಹನಿ ನೀರು ಕುಡಿಯದೆ ಕೂತಿದ್ದ ಪಕ್ಕದ ಮನೆಯ ಮುದುಕಿ ಅದನ್ನು ನಂಬಿ ಖರ್ಜೂರ ಬಾಯಿಗಿಟ್ಟುಕೊಂಡರು. ನಾನು ಮಾಡಿದ ಘನಕಾರ್ಯ ಇದಿಷ್ಟೇ ಎಂದು ಬರೆದು ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ಇದರ ಬೆನ್ನಿಗೇ ಇನ್ನೊಂದು ಮಾಡಿದೆ, ಅದು ಇದಕ್ಕಿಂತ ಕೆಟ್ಟದ್ದು. ಅದಕ್ಕೆ ಬರುತ್ತೇನೆ. ಮೊದಲು ಮನೆ ತೋರಿಸಿಬಿಡುತ್ತೇನೆ, ಮುಠ್ಠಾಳತನಕ್ಕೂ ಒಂದು ವಿಳಾಸ ಇರಬೇಕಲ್ಲ.

ತೆಂಗಿನಕಾಯಿ ಮಂಡಿಯ ಹಿಂದಿನ ಓಣಿಯಲ್ಲಿ ಅದು ಒಂದೇ ಹಳೆಯ ಹೆಂಚಿನ ಮನೆ. ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಒಂದು ಭಾಗದಲ್ಲಿ ಮನೆಯ ಒಡೆಯರಾದ ರಹೀಂ ಸಾಬರು ಮತ್ತು ಅವರ ಹೆಂಡತಿ ಹಲೀಮಮ್ಮ, ಇನ್ನೊಂದರಲ್ಲಿ ಬಾಡಿಗೆಗೆ ಅಪ್ಪ ಮತ್ತು ನಾನು. ಗೋಡೆ ಕಟ್ಟಿದವನಿಗೆ ಇಟ್ಟಿಗೆ ಸಾಲದೆ ಹೋಯಿತೋ ಬೇಸರ ಬಂತೋ, ಸೂರಿನ ತನಕ ಏರಿಸದೆ ಮೇಲೆ ಎರಡು ಮೊಳ ಬಿಟ್ಟಿದ್ದ. ಹೀಗಾಗಿ ಅವರ ಮನೆಯ ಒಗ್ಗರಣೆಗೆ ನಾವು ಸೀನುತ್ತಿದ್ದೆವು. ನಮ್ಮ ಒಲೆಯ ಮೇಲೆ ಹಾಲು ಉಕ್ಕಿದರೆ ಆ ಕಡೆಯಿಂದ ‘ಮಂಜಾ, ಹಾಲು’ ಎಂದು ಕೂಗು ಬರುತ್ತಿತ್ತು. ಬಾವಿ ಅವರ ಹಿತ್ತಿಲಿನಲ್ಲಿತ್ತು. ನೀರಿಗೆ ಹೋಗಲೆಂದು ಹಿತ್ತಿಲ ಗೋಡೆಯಲ್ಲಿ ಒಂದು ಗಿಡ್ಡ ಬಾಗಿಲು ಇಟ್ಟಿದ್ದರು. ಅಪ್ಪ ಅದರಲ್ಲಿ ಬಗ್ಗಿ ಹೋಗುತ್ತಿದ್ದ, ನಾನು ನೆಟ್ಟಗೆ ಹೋಗುತ್ತಿದ್ದೆ. ಹಗಲು ಆ ಬಾಗಿಲು ಮುಚ್ಚಿದ್ದನ್ನು ನಾನು ನೋಡಿರಲಿಲ್ಲ. ರಹೀಂ ಸಾಬರು ಪಾತ್ರೆಗಳಿಗೆ ಕಲಾಯಿ ಹಾಕುವವರು. ಕಪ್ಪಾಗಿ ಬಂದ ತಪ್ಪಲೆ ಅವರ ಕೈಯಿಂದ ಬೆಳ್ಳಿಯ ಹಾಗೆ ಹೊಳೆಯುತ್ತ ಹೋಗುತ್ತಿತ್ತು. ಅವರು ಮಾತ್ರ ದಿನದಿನಕ್ಕೂ ಕಪ್ಪಾಗುತ್ತಿದ್ದರು. ಅವರ ಮಾತು ಕಡಿಮೆ. ಮನೆಯಲ್ಲಿ ಇಬ್ಬರ ಪಾಲಿನ ಮಾತನ್ನೂ ಹಲೀಮಮ್ಮನವರೇ ಆಡುತ್ತಿದ್ದರು.

ನಮ್ಮ ಭಾಗದಲ್ಲಿ ಒಂದು ಪಡಸಾಲೆ, ಒಂದು ಅಡಿಗೆಮನೆ, ಎರಡರ ನಡುವೆ ಅಮ್ಮನ ದೇವರ ಕೋಣೆ. ಕೋಣೆ ಎನ್ನುವುದು ಮರ್ಯಾದೆಯ ಮಾತು. ಒಬ್ಬರು ಕೂತರೆ ಇನ್ನೊಬ್ಬರು ಹೊರಗೆ ನಿಂತು ಕೈ ಮುಗಿಯಬೇಕಿತ್ತು. ಅಮ್ಮ ಕುಣಿಗಲ್ ಕಡೆಯವಳು, ಮಾರ್ಕೋನಹಳ್ಳಿ ಡ್ಯಾಮಿನ ನೀರು ಕುಡಿದು ಬೆಳೆದವಳು. ಅವಳಿಗೆ ದೇವರ ಹತ್ತಿರ ಭಯಭಕ್ತಿಗಿಂತ ಸಲಿಗೆಯೇ ಹೆಚ್ಚು. ದೀಪ ಹಚ್ಚುತ್ತ ಶಿವನನ್ನು, ಗಣಪತಿಯನ್ನು, ಗೂಡಿನಲ್ಲಿದ್ದ ಊರಿನ ಅಮ್ಮನವರನ್ನು ವಿಚಾರಿಸಿಕೊಳ್ಳುತ್ತಿದ್ದಳು. ಬತ್ತಿ ಹತ್ತದಿದ್ದರೆ, ಏನಪ್ಪಾ ನಿನಗೂ ಬೆಳಿಗ್ಗೆ ಬೇಗ ಏಳೋಕೆ ಬೇಜಾರಾ ಎಂದು ಗಣಪತಿಯನ್ನು ಕೇಳುತ್ತಿದ್ದಳು. ನನಗೆ ಏಳು ವರ್ಷವಾಗಿದ್ದಾಗ ಅವಳಿಗೆ ಕಾಯಿಲೆಯಾಯಿತು. ತುಮಕೂರಿನ ಆಸ್ಪತ್ರೆಗೆ ಹೋದವಳು ಹಿಂದಕ್ಕೆ ಬರಲಿಲ್ಲ. ಆ ಎರಡು ತಿಂಗಳು ಅಪ್ಪ ಹರಕೆ ಹೊರದ ದೇವರಿರಲಿಲ್ಲ. ತಿಥಿಯೆಲ್ಲ ಮುಗಿದ ಮೇಲೆ ಒಂದು ದಿನ ದೇವರ ಕೋಣೆಯ ಬಾಗಿಲು ಎಳೆದುಕೊಂಡ, ಅದಕ್ಕೆ ಅಡ್ಡವಾಗಿ ಅಕ್ಕಿಮೂಟೆ ಇಟ್ಟ. ಬೀಗ ಹಾಕಲಿಲ್ಲ, ಯಾರನ್ನೂ ಬೈಯಲಿಲ್ಲ. ಮೇಷ್ಟ್ರು ನಾಸ್ತಿಕರಾಗಿಬಿಟ್ಟರು ಎಂದು ಓಣಿಯವರು ಅಂದುಕೊಂಡರು. ಟೂ ಬಿಡುವುದು ಅಂದರೆ ಏನೆಂದು ಸ್ಕೂಲಿನಲ್ಲಿ ದಿನಾ ನೋಡುತ್ತಿದ್ದ ನನಗೆ ಗೊತ್ತಿತ್ತು: ಅಪ್ಪ ದೇವರ ಜೊತೆ ಟೂ ಬಿಟ್ಟಿದ್ದ. ಟೂ ಬಿಟ್ಟವರು ಎದುರಿನವನು ಇಲ್ಲವೇ ಇಲ್ಲ ಎಂದು ಹೇಳುವುದಿಲ್ಲ, ಅವನಿದ್ದಾನೆ ಎಂದೇ ಮುಖ ತಿರುಗಿಸುತ್ತಾರೆ.

ಅಪ್ಪ ನಿಟ್ಟೂರಿನ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಬೆಳಿಗ್ಗೆ ಪ್ಯಾಸೆಂಜರ್ ಗಾಡಿಗೆ ಹೋದರೆ ಸಂಜೆಯ ಗಾಡಿಗೆ ಬರುತ್ತಿದ್ದ. ಅವನ ಅಡಿಗೆಯಲ್ಲಿ ಎರಡು ಬಗೆ, ಉಪ್ಪಿಟ್ಟು ಮತ್ತು ಬೆಳಗಿನ ಉಪ್ಪಿಟ್ಟು. ನಾನು ಸ್ಕೂಲಿನಿಂದ ಬರುವುದು ನಾಲ್ಕೂವರೆಗೆ, ಅವನು ಬರುವುದು ಏಳಕ್ಕೆ. ಆ ಎರಡೂವರೆ ಗಂಟೆ ಮನೆಯಲ್ಲಿ ಗಡಿಯಾರ ಬಿಟ್ಟರೆ ಮಾತಾಡುವವರು ಯಾರೂ ಇಲ್ಲ. ಅದಕ್ಕೇ ನಾನು ಜನರನ್ನು ಮನೆಗೆ ತರತೊಡಗಿದೆ. ಬಸ್ ಸ್ಟ್ಯಾಂಡಿನ ಕಂಡಕ್ಟರನ್ನು ತಂದು ಪಡಸಾಲೆಯಲ್ಲಿ ನಿಲ್ಲಿಸಿ ‘ತುಮ್ಕೂರ್ ತುಮ್ಕೂರ್ ತುಮ್ಕೂರ್’ ಎಂದು ಕೂಗಿಸುತ್ತಿದ್ದೆ. ನಮ್ಮ ಹೆಡ್ಮೇಷ್ಟ್ರನ್ನು ಮಂಚದ ಮೇಲೆ ಹತ್ತಿಸಿ ಮೂರು ಸಲ ಕೆಮ್ಮಿಸಿ ಭಾಷಣ ಮಾಡಿಸುತ್ತಿದ್ದೆ. ಸಂತೆಯಲ್ಲಿ ಬದನೆಕಾಯಿ ಮಾರುವ ಹೆಂಗಸಿಗೂ ಹೆಡ್ಮೇಷ್ಟ್ರಿಗೂ ಜಗಳ ಹಚ್ಚಿ ಎರಡೂ ಕಡೆ ನಾನೇ ಕಿರುಚುತ್ತಿದ್ದೆ. ಅಪ್ಪನನ್ನು ಅಣಕಿಸುವುದು ಎಲ್ಲಕ್ಕಿಂತ ಸುಲಭ, ಬಾಯಿ ಮುಚ್ಚಿಕೊಂಡು ಗೋಡೆ ನೋಡುತ್ತ ಕೂತರೆ ಮುಗಿಯಿತು. ನನ್ನನ್ನೂ ಬಿಡುತ್ತಿರಲಿಲ್ಲ, ಮಗ್ಗಿ ಮರೆತಾಗ ನಾನು ಮೂಗೆಳೆಯುವ ರೀತಿಯನ್ನು ನಾನೇ ಮಾಡಿ ನಗುತ್ತಿದ್ದೆ. ಇಷ್ಟು ಜನ ತುಂಬಿರುತ್ತಿದ್ದ ಮನೆಗೆ ಅಪ್ಪ ಬಂದು ಚಿಲಕ ತೆಗೆದರೆ ಒಬ್ಬ ಹುಡುಗ ಮಂಚದ ತುದಿಯಲ್ಲಿ ಕೂತಿರುತ್ತಿದ್ದ. ಕಂಡಕ್ಟರು, ಹೆಡ್ಮೇಷ್ಟ್ರು ಎಲ್ಲ ಎಲ್ಲಿಗೆ ಹೋದರೋ.

ನನ್ನ ಈ ಕಂಪನಿಗೆ ಪ್ರೇಕ್ಷಕರೆಂದರೆ ಹಲೀಮಮ್ಮ ಒಬ್ಬರೇ. ಗೋಡೆಯ ಮೇಲಿನ ಎರಡು ಮೊಳದಿಂದ ಎಲ್ಲ ಅವರಿಗೆ ಕೇಳುತ್ತಿತ್ತು. ಚೆನ್ನಾಗಿದ್ದರೆ ಅಲ್ಲಿಂದಲೇ ನಗುತ್ತಿದ್ದರು, ಚೆನ್ನಾಗಿಲ್ಲದಿದ್ದರೆ, ‘ಕಂಡಕ್ಟ್ರಿಗೆ ನೆಗಡಿನೇನೋ ಇವತ್ತು?’ ಎನ್ನುತ್ತಿದ್ದರು. ಐದು ಗಂಟೆಗೆ ಗಿಡ್ಡ ಬಾಗಿಲಿನಿಂದ ನನ್ನನ್ನು ಕರೆದು ಏನಾದರೂ ತಿನ್ನಲು ಕೊಡುತ್ತಿದ್ದರು. ಕೊಟ್ಟು ಎದುರಿಗೆ ಕೂತು ಇಡೀ ದಿನದ ವರದಿ ಕೇಳುತ್ತಿದ್ದರು, ಯಾರು ಹೊಡೆದರು, ಯಾರಿಗೆ ಹೊಡೆದೆ, ಲೆಕ್ಕದಲ್ಲಿ ಎಷ್ಟು ಬಂತು. ಲೋಕದಲ್ಲಿ ನನ್ನನ್ನು ಇಷ್ಟೊಂದು ಪ್ರಶ್ನೆ ಕೇಳುವವರು ಬೇರೆ ಇರಲಿಲ್ಲ.

ರಂಜಾನ್ ಬಂದರೆ ಮಾತ್ರ ನನಗೆ ಕಷ್ಟವಾಗುತ್ತಿತ್ತು. ಆ ತಿಂಗಳೂ ನನಗೆ ತಿಂಡಿ ತಪ್ಪುತ್ತಿರಲಿಲ್ಲ. ಆದರೆ ಸಂಜೆ ಉಪವಾಸ ಬಿಡುವ ಮುಂಚಿನ ಅರ್ಧ ಗಂಟೆ ಅವರು ತಟ್ಟೆಯಲ್ಲಿ ಖರ್ಜೂರ, ಬಾಳೆಹಣ್ಣು, ಗಂಜಿ ಜೋಡಿಸಿಟ್ಟು, ಹಿತ್ತಿಲ ಜಗಲಿಯಲ್ಲಿ ಚಾಪೆ ಹಾಕಿ, ಕೈಯಲ್ಲಿ ಮಣಿಸರ ಹಿಡಿದು ಕಣ್ಣು ಮುಚ್ಚಿ ಕೂತುಬಿಡುತ್ತಿದ್ದರು. ಕರೆದರೆ ಓಗೊಡುತ್ತಿರಲಿಲ್ಲ. ಕಂಡಕ್ಟರು ಕೂಗಿದರೂ ನಗುತ್ತಿರಲಿಲ್ಲ. ತುಟಿ ಅಲುಗುತ್ತಿತ್ತು, ಯಾರ ಜೊತೆಗೋ ಮಾತು ನಡೆದಿದೆ ಎಂದು ಗೊತ್ತಾಗುತ್ತಿತ್ತು, ಆ ಯಾರೋ ನಾನಾಗಿರಲಿಲ್ಲ. ಅಮ್ಮ ಗಣಪತಿಯನ್ನು ಬೈಯುವಾಗ ನಾನು ಬಾಗಿಲಲ್ಲಿ ನಿಂತು ಅವಳು ತಿರುಗುವುದನ್ನು ಕಾಯುತ್ತಿದ್ದೆ. ಈಗ ಗಿಡ್ಡ ಬಾಗಿಲಿನಲ್ಲಿ ನಿಂತು ಹಲೀಮಮ್ಮ ಕಣ್ಣು ಬಿಡುವುದನ್ನು ಕಾಯುತ್ತಿದ್ದೆ. ದೇವರೆಂದರೆ ಹೆಂಗಸರನ್ನು ನನ್ನಿಂದ ದೂರ ಕರೆದುಕೊಂಡು ಹೋಗುವವನು ಎಂಬುದು ಆಗಿನ ನನ್ನ ಸಿದ್ಧಾಂತ. ಒಬ್ಬಳನ್ನು ಪೂರ್ತಿಯಾಗಿ ಕರೆದುಕೊಂಡಿದ್ದಾನೆ, ಇವರನ್ನು ದಿನಾ ಅರ್ಧ ಗಂಟೆ ಕರೆಯುತ್ತಾನೆ.

ಹಿಂದಿನ ವರ್ಷ ಹಲೀಮಮ್ಮ ಕಾಮಾಲೆಯಾಗಿ ಮಲಗಿದ್ದರು, ಹೆಚ್ಚಿನ ಉಪವಾಸಗಳು ತಪ್ಪಿಹೋಗಿದ್ದವು. ಮಲಗಿದಲ್ಲೇ ಕಣ್ಣೀರು ಹಾಕಿದ್ದನ್ನು ನೋಡಿದ್ದೆ. ತಪ್ಪಿದ್ದನ್ನು ಆಮೇಲೆ ಒಂದೊಂದಾಗಿ ಇದ್ದು ತೀರಿಸಿದರು. ಈ ಸಲ ಮಾತ್ರ ಒಂದೂ ಬಿಡದೆ ಎಲ್ಲರ ಜೊತೆಗೇ ಮುಗಿಸುತ್ತೇನೆ ಎಂದು ಹಟ ಹಿಡಿದಿದ್ದರು. ರಹೀಂ ಸಾಬರು ವಯಸ್ಸಾಯಿತು ಎಂದದ್ದಕ್ಕೆ, ವಯಸ್ಸಾದದ್ದಕ್ಕೇ ಎಂದರು. ದಿನಾ ಸಂಜೆ ಎಷ್ಟಾಯಿತು ಎಂದು ನಾನು ಕೇಳುವುದು, ಅವರು ಹೇಳುವುದು. ಇಪ್ಪತ್ತೊಂದರ ತನಕ ಹೀಗೇ ನಡೆಯಿತು.

ಇಪ್ಪತ್ತೆರಡನೆಯ ದಿನ ಮಧ್ಯಾಹ್ನದಿಂದಲೇ ಮೋಡ. ಕರೆಂಟು ಹೋಗಿತ್ತು. ಮೈಕು ಇಲ್ಲದಿದ್ದರೆ ಹಜರತ್ತರ ಬರಿಯ ಕಂಠ ಮಂಡಿ ದಾಟಿ ನಮ್ಮ ಓಣಿಗೆ ಬರುವುದು ಗಾಳಿಯ ಮರ್ಜಿ. ರಹೀಂ ಸಾಬರು ಎಂದಿನಂತೆ ಉಪವಾಸ ಬಿಡಲು ಮಸೀದಿಗೇ ಹೋಗಿದ್ದರು. ಆ ಮನೆಯಲ್ಲಿದ್ದ ಒಂದೇ ಗಡಿಯಾರ ಅವರ ಕೈಯಲ್ಲಿ ಅವರ ಜೊತೆ ಹೋಗಿತ್ತು. ಹಲೀಮಮ್ಮ ಜಗಲಿಯಲ್ಲಿ ಕಣ್ಣು ಮುಚ್ಚಿ, ಕಿವಿ ಮಸೀದಿಯ ದಿಕ್ಕಿಗೆ ಕೊಟ್ಟು ಕೂತಿದ್ದರು. ನಾನು ಗೋಡೆಯ ಮೇಲೆ ಹತ್ತಿ ಕೂತಿದ್ದೆ. ಅವತ್ತು ಸ್ಕೂಲಿನಲ್ಲಿ ಅಮ್ಮನ ಬಗ್ಗೆ ಐದು ವಾಕ್ಯ ಬರೆಸಿದ್ದರು. ಎರಡು ಬರೆದು ಕೂತುಬಿಟ್ಟಿದ್ದೆ, ಅದನ್ನು ಯಾರಿಗಾದರೂ ಹೇಳಬೇಕಾಗಿತ್ತು. ಎರಡು ಸಲ ಕರೆದೆ. ಅವರು ಅಲುಗಲಿಲ್ಲ. ತಮಾಷೆಗೆ ಕೂಗಿದೆ ಎಂದು ಬರೆಯಬಹುದು, ಓದುವವರಿಗೂ ನಗು ಬರುತ್ತದೆ. ಆದರೆ ಅದು ಸುಳ್ಳು. ಅವರು ಅಲ್ಲಿಂದ ಎದ್ದು ನನ್ನ ಕಡೆಗೆ ಬರಲಿ ಎಂದು ಕೂಗಿದೆ. ಹಜರತ್ತರ ಕಂಠ ನನಗೆ ಬಾಯಿಪಾಠವಾಗಿತ್ತು: ಶುರುವಿನಲ್ಲಿ ಮೂಗು, ನಡುವೆ ಒಂದು ಬಿರುಕು, ಉಸಿರು ಎಳೆದುಕೊಳ್ಳುವಾಗ ಸಣ್ಣ ಕೆಮ್ಮು. ಮುಖ ಬೀದಿಯ ಕಡೆ ತಿರುಗಿಸಿ, ಬಾಯಿಗೆ ಕೈ ಅಡ್ಡ ಇಟ್ಟು, ದೂರದಿಂದ ಬಂದ ಹಾಗೆ ಸಣ್ಣಗೆ ಎಳೆದೆ. ಕೆಮ್ಮನ್ನೂ ಬಿಡಲಿಲ್ಲ. ತಿರುಗಿ ನೋಡುವಷ್ಟರಲ್ಲಿ ಹಲೀಮಮ್ಮ ಖರ್ಜೂರ ತಿಂದು ನೀರಿನ ಲೋಟ ಎತ್ತಿದ್ದರು. ಅವರು ಗಂಟಲು ಎತ್ತಿ ನೀರು ಕುಡಿಯುವುದನ್ನು ನೋಡಿದ ಮೇಲೆ ಗೋಡೆಯಿಂದ ಧುಮುಕಿದೆ. ಒಳಗೆ ಓಡಿಹೋಗಿ ಗಡಿಯಾರ ನೋಡಿದೆ. ಆರೂ ಇಪ್ಪತ್ತು.

ಆರೂ ಮೂವತ್ತೆರಡಕ್ಕೆ ಕರೆಂಟು ಬಂತು, ಅದರ ಜೊತೆಗೇ ಮೈಕಿನಲ್ಲಿ ನಿಜವಾದ ಬಾಂಗು ಇಡೀ ಗುಬ್ಬಿಗೆ ಕೇಳಿತು. ನಾನು ಗಿಡ್ಡ ಬಾಗಿಲಿನಲ್ಲಿ ನಿಂತಿದ್ದೆ. ಅರ್ಧ ಸುಲಿದ ಬಾಳೆಹಣ್ಣು ಹಲೀಮಮ್ಮನ ಕೈಯಲ್ಲೇ ನಿಂತಿತು.

‘ಮಂಜಾ, ಎರಡನೇ ಸಲ ಯಾಕೋ ಕೂಗ್ತಾವ್ರೆ?’

ಈಗ ಹೇಳುತ್ತೇನೆ ಆ ಇನ್ನೊಂದನ್ನು.

‘ಎರಡನೇ ಸಲ ಎಲ್ಲಿ? ಈಗಲೇ ಅಲ್ವಾ ಕೂಗಿದ್ದು’ ಎಂದೆ.

‘ಆಗ್ಲೇ ಒಂದು ಆಯ್ತಲ್ಲೋ. ನಿಂಗೆ ಕೇಳಿಸ್ಲಿಲ್ವಾ?’

‘ಇಲ್ಲಮ್ಮ.’

ಅವರು ಬಾಳೆಹಣ್ಣನ್ನು ತಟ್ಟೆಯಲ್ಲಿಟ್ಟು ಕೈ ತೊಡೆಯ ಮೇಲೆ ಇಟ್ಟುಕೊಂಡರು. ಕೋಪವಾಗಲಿ ಅಳುವಾಗಲಿ ಮುಖದ ಮೇಲೆ ಇರಲಿಲ್ಲ. ಮನೆಯೊಳಗೆ ಯಾರೋ ನಡೆದಾಡಿದ ಸದ್ದು ಕೇಳಿದವರ ಹಾಗೆ ತಲೆ ಸ್ವಲ್ಪ ಓರೆ ಮಾಡಿ ಕೂತೇ ಇದ್ದರು. ರಹೀಂ ಸಾಬರು ಬಂದ ಮೇಲೆ ಅವರನ್ನೂ ಕೇಳಿದರು. ಅವರೂ ಒಂದೇ ಸಲ ಎಂದರು. ಪಾಪ, ಅವರು ನಿಜ ಹೇಳಿದರು. ನನ್ನ ಸುಳ್ಳಿಗೆ ಅವರ ನಿಜ ಸಾಕ್ಷಿಯಾಯಿತು.

ಮಾರನೆಯ ದಿನದಿಂದ ಹಲೀಮಮ್ಮ ಬಾಂಗಿಗೆ ಉಪವಾಸ ಬಿಡುವುದನ್ನು ನಿಲ್ಲಿಸಿದರು. ಮೈಕಿನಲ್ಲಿ ಸ್ಪಷ್ಟವಾಗಿ ಕೇಳಿದರೂ ತಟ್ಟೆಯ ಮುಂದೆ ಕೂತೇ ಇರುತ್ತಿದ್ದರು. ರಹೀಂ ಸಾಬರು ನಮಾಜು ಮುಗಿಸಿ ಮನೆಗೆ ಬಂದು, ಆಯಿತು ಎಂದ ಮೇಲೆಯೇ ನೀರು ಮುಟ್ಟುತ್ತಿದ್ದರು. ಅಷ್ಟರಲ್ಲಿ ಅರ್ಧ ಗಂಟೆಯಾಗಿರುತ್ತಿತ್ತು. ಮೊದಲ ದಿನ ಕುಡಿಯುವ ಆತುರಕ್ಕೆ ಲೋಟದ ನೀರು ಸೀರೆಯ ಮೇಲೆ ಚೆಲ್ಲಿಕೊಂಡರು. ಕಿವಿ ಕೆಟ್ಟಿದೆ, ಇನ್ನು ಬುದ್ಧಿ ಕೆಡುವುದೊಂದು ಬಾಕಿ ಎಂದು ಗಂಡನಿಗೆ ಹೇಳುತ್ತಿದ್ದುದು ಸೂರಿನ ಸಂದಿಯಿಂದ ನನಗೆ ಕೇಳಿತು. ಅವರ ಅಮ್ಮನಿಗೂ ಕೊನೆಗಾಲದಲ್ಲಿ ಹೀಗೇ ಇಲ್ಲದ ದನಿಗಳು ಕೇಳುತ್ತಿದ್ದವಂತೆ, ಬಾಗಿಲಿಗೆ ಹೋಗಿ ಯಾರೂ ಇಲ್ಲದವರ ಜೊತೆ ಮಾತಾಡುತ್ತಿದ್ದರಂತೆ. ಆಮೇಲಾಮೇಲೆ ಅವರು ಎಲ್ಲವನ್ನೂ ಎರಡೆರಡು ಸಲ ನೋಡತೊಡಗಿದರು. ಒಲೆ ಆರಿಸಿದ್ದೇನಾ ಎಂದು ಹೋಗಿ ನೋಡಿ ಬಂದು, ನೋಡಿದೆನಾ ಎಂದು ಮತ್ತೆ ಹೋಗುತ್ತಿದ್ದರು. ನಾನು ಗೋಡೆಯ ಈ ಕಡೆಯಿಂದ, ಹಲೀಮಮ್ಮಾ, ಎಂದು ಕರೆದೆ. ಉತ್ತರವಿಲ್ಲ. ಇನ್ನೊಂದು ಸಲ ಕರೆದೆ. ಅವರು ಅಲ್ಲೇ ಇದ್ದರು, ಕಸಬರಿಕೆಯ ಸದ್ದು ನನ್ನ ಕೂಗಿಗೆ ನಿಂತು, ಮತ್ತೆ ಶುರುವಾಯಿತು. ನನ್ನ ದನಿಯನ್ನೂ ಅವರು ನಂಬುತ್ತಿಲ್ಲ ಎಂದು ಆಗ ಗೊತ್ತಾಯಿತು. ಊರಿನ ಎಲ್ಲರ ಹಾಗೆ ಮಾತಾಡಬಲ್ಲವನಿಗೆ ತನ್ನ ಹಾಗೆ ಮಾತಾಡಿ ಯಾರನ್ನೂ ಕರೆಯಲಾಗದ ಸ್ಥಿತಿ ಬಂತು. ಅವತ್ತಿನಿಂದ ಕಂಪನಿ ಬಂದ್. ಮನೆಯಲ್ಲಿ ಗಡಿಯಾರ ಒಂದೇ ಮಾತಾಡಿತು.

ಮೂರನೆಯ ಸಂಜೆ ಅಕ್ಕಿಮೂಟೆಯನ್ನು ಕಾಲಿನಿಂದ ಒದ್ದು ಒದ್ದು ಸರಿಸಿದೆ. ದೇವರ ಕೋಣೆಯ ಬಾಗಿಲು ಮೂರು ವರ್ಷದ ಮೇಲೆ ತೆಗೆದದ್ದಕ್ಕೆ ಕಿರ್ರೆಂದಿತು. ಒಳಗೆ ಎಣ್ಣೆಯ ಕಮಟು ವಾಸನೆ. ದೇವರುಗಳ ಮೇಲೆ ಧೂಳು ಕೂತು ಎಲ್ಲರೂ ಒಂದೇ ಬಣ್ಣವಾಗಿದ್ದರು. ಹಲೀಮಮ್ಮನ ಕಿವಿ ಸರಿಮಾಡು ಎಂದು ಕೇಳಬೇಕಾಗಿತ್ತು. ಕಿವಿ ಕೆಟ್ಟೇ ಇಲ್ಲ ಎಂದು ನನಗೂ ಗೊತ್ತು, ದೇವರಿಗೂ ಗೊತ್ತು. ಆದರೂ ನಾನು ಹೇಳದೆಯೇ ಅದು ಹೇಗಾದರೂ ಸರಿಹೋಗಲಿ ಎಂಬ ಪ್ರಾರ್ಥನೆ ಅದು. ಲೋಕದ ಅರ್ಧ ಪ್ರಾರ್ಥನೆಗಳು ಇದೇ ಜಾತಿಯವು ಎಂದು ಈಗ ಅನ್ನಿಸುತ್ತದೆ. ನನ್ನ ಮಾತು ಆ ದೇವರುಗಳು ಯಾಕೆ ಕೇಳುತ್ತಾರೆ? ಅವರಿಗೆ ಪರಿಚಯವಿದ್ದದ್ದು ಅಮ್ಮನ ದನಿ. ಹಾಗಾಗಿ ಅಮ್ಮನ ಹಾಗೆ ಕೇಳೋಣ ಎಂದುಕೊಂಡೆ. ಬಾಯಿ ತೆರೆದೆ. ‘ಏನಪ್ಪಾ’ ಎಂದೆ. ಅದು ಬದನೆಕಾಯಿ ಹೆಂಗಸಿನ ಹಾಗೆ ಕೇಳಿತು. ಮತ್ತೆ ಪ್ರಯತ್ನಪಟ್ಟೆ, ಹಲೀಮಮ್ಮನ ಹಾಗೆ ಬಂತು. ಮತ್ತೆ, ಮತ್ತೆ. ಅಮ್ಮ ಅಂದದ್ದೆಲ್ಲ ನೆನಪಿತ್ತು, ಮಾತು ಮಾತಾಗಿ ನೆನಪಿತ್ತು, ದನಿ ಮಾತ್ರ ಇರಲಿಲ್ಲ. ಇಡೀ ಗುಬ್ಬಿಯನ್ನು ಗಂಟಲಲ್ಲಿ ಇಟ್ಟುಕೊಂಡು ಮೆರೆಯುತ್ತಿದ್ದೆ. ಅಷ್ಟು ಜನರನ್ನು ತುಂಬಿಕೊಳ್ಳುವ ಗಡಿಬಿಡಿಯಲ್ಲಿ ಅವಳನ್ನು ಯಾವಾಗ ಹೊರಗೆ ಬಿಟ್ಟೆನೋ ಗೊತ್ತಾಗಲೇ ಇಲ್ಲ. ಅಲ್ಲೇ ನೆಲದ ಮೇಲೆ ಕೂತೆ. ದೇವರುಗಳು ಧೂಳಿನೊಳಗಿಂದ ನೋಡುತ್ತಿದ್ದರು. ಯಾರೂ ಏನೂ ಅನ್ನಲಿಲ್ಲ.

ಅಪ್ಪ ಬಂದಾಗ ಕೋಣೆಯ ಬಾಗಿಲು ತೆರೆದೇ ಇತ್ತು. ಅವನು ಅಕ್ಕಿಮೂಟೆಯನ್ನು ನೋಡಿದ, ನನ್ನನ್ನು ನೋಡಿದ, ಚೀಲ ಕೆಳಗಿಟ್ಟು ಹೊಸಿಲಿನ ಹೊರಗೆ ಚಕ್ಕಳಮಕ್ಕಳ ಹಾಕಿ ಕೂತ. ಒಳಗೆ ಬರಲಿಲ್ಲ. ನಾನು ಎಲ್ಲ ಹೇಳಿದೆ, ಬಾಂಗು, ಬಾಳೆಹಣ್ಣು, ಸುಳ್ಳು. ಹೊಡೆಯುತ್ತಾನೆ ಎಂದುಕೊಂಡಿದ್ದೆ, ಹೊಡೆದಿದ್ದರೆ ಎಷ್ಟೋ ಸುಖವಾಗಿರುತ್ತಿತ್ತು. ಅವನು ತುಂಬ ಹೊತ್ತು ಕನ್ನಡಕ ಒರೆಸಿದ.

‘ನಂಗೂ ಇವ್ರಿಗೂ ಆಗಲ್ಲ, ಅದು ನಮ್ಮ ಮನೆ ಜಗಳ’ ಎಂದ, ದೇವರ ಕಡೆ ಗದ್ದ ಎತ್ತಿ. ‘ಪಕ್ಕದ ಮನೆಯವ್ರ ನಂಬಿಕೆ ಮೇಲೆ ಕಲ್ಲು ಹಾಕೋ ಅಂತ ನಿಂಗೆ ನಾನು ಯಾವತ್ತು ಹೇಳಿಕೊಟ್ಟೆ?’

ನಾನು ಸುಮ್ಮನಿದ್ದೆ. ಅವನ ಅಣಕು ಮಾಡುತ್ತಿದ್ದೇನೆ ಎಂದುಕೊಂಡಾನೋ ಎಂದು ಅದಕ್ಕೂ ಹೆದರಿಕೆಯಾಯಿತು.

‘ಹೋಗಿ ಹೇಳು’ ಎಂದ. ‘ಯಾರ ಗಂಟಲೂ ಬೇಡ. ನಿಂದ್ರಲ್ಲೇ ಹೇಳು.’

ಗಿಡ್ಡ ಬಾಗಿಲಿನಲ್ಲಿ ಅಪ್ಪ ಬಗ್ಗಿ ನನ್ನ ಹಿಂದೆ ಬಂದ. ರಹೀಂ ಸಾಬರು ಆಗ ತಾನೇ ಮಸೀದಿಯಿಂದ ಬಂದಿದ್ದರು, ಹಲೀಮಮ್ಮ ಗಂಜಿ ಕುಡಿಯುತ್ತಿದ್ದರು. ಹೇಳಿದೆ. ನನ್ನ ದನಿಯಲ್ಲಿ ಹೇಳಿದ್ದರಿಂದ ಅರ್ಧ ಕೇಳಿಸಲೇ ಇಲ್ಲ, ಇನ್ನೊಂದು ಸಲ ಹೇಳಬೇಕಾಯಿತು. ಹಲೀಮಮ್ಮ ಬಟ್ಟಲು ಕೆಳಗಿಟ್ಟರು. ಅವರು ಮೊದಲು ನೋಡಿದ್ದು ನನ್ನನ್ನಲ್ಲ, ಗಂಡನನ್ನು.

‘ಕೇಳುದ್ರಾ? ನನ್ನ ಕಿವಿ ಸರಿಯಾಗೇ ಇದೆ’ ಎಂದರು.

ಎಂದದ್ದೇ ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟರು. ಮೂರು ದಿನ ಒಳಗೊಳಗೇ ಹುಚ್ಚಿಯಾಗುತ್ತಿದ್ದವರು ಬಿಡುಗಡೆಯಾಗಿ ಅತ್ತ ಅಳು ಅದು ಎಂದು ಈಗ ಗೊತ್ತು, ಆಗ ನನ್ನಿಂದಾಗಿ ಅಳುತ್ತಿದ್ದಾರೆ ಎಂಬುದಷ್ಟೇ ಗೊತ್ತಾಯಿತು. ಅಪ್ಪನಿಗೂ ತಡೆಯಲಾಗಲಿಲ್ಲ. ಏನಾದರೂ ಸಮಾಧಾನ ಹೇಳಬೇಕೆಂದು ಹೋಗಿ, ಹನ್ನೆರಡು ನಿಮಿಷವನ್ನೆಲ್ಲ ಯಾವ ದೇವರು ಲೆಕ್ಕ ಇಡುತ್ತಾನೆ, ಆ ದಿನದ್ದೂ ಸಂದ ಹಾಗೇ ಎಂದುಬಿಟ್ಟ. ಹಲೀಮಮ್ಮ ಕಣ್ಣು ಒರೆಸಿಕೊಂಡು, ಅವನು ಇಡದಿದ್ದರೆ ಬೇಡ ಮೇಷ್ಟ್ರೇ, ನಾನು ಇಡ್ತೀನಿ ಎಂದರು. ಆಮೇಲೆ ಎದ್ದರು. ನನ್ನ ಮುಂದೆ ಬಂದು ನಿಂತರು. ಕೆನ್ನೆ ಒಡ್ಡಿ ಕಣ್ಣು ಮುಚ್ಚಿದೆ. ಏನೂ ಬೀಳಲಿಲ್ಲ. ಕಣ್ಣು ಬಿಟ್ಟಾಗ ಅವರು ಒಳಗೆ ಹೋಗಿದ್ದರು. ನಾವು ನಮ್ಮ ಕಡೆಗೆ ದಾಟಿದ ಮೇಲೆ ಗಿಡ್ಡ ಬಾಗಿಲು ಮುಚ್ಚಿತು, ಆ ಕಡೆಯಿಂದ ಅಗುಳಿ ಬಿದ್ದ ಸದ್ದು ಕೇಳಿತು. ಆ ಬಾಗಿಲಿಗೆ ಅಗುಳಿ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಮಾರನೆಯ ದಿನದಿಂದ ಅವರು ಮತ್ತೆ ಬಾಂಗಿಗೇ ಉಪವಾಸ ಬಿಟ್ಟರು; ಬಾಂಗು ಕೇಳಿದೊಡನೆ ಲೋಟದ ಸದ್ದು ಬರುತ್ತಿತ್ತು. ಅದೊಂದು ಸಮಾಧಾನ. ಉಳಿದದ್ದು ಯಾವುದೂ ಮೊದಲಿನ ಹಾಗೆ ಆಗಲಿಲ್ಲ. ಹಗಲು ನೀರಿಗೆ ಬಾಗಿಲು ತೆಗೆಯುತ್ತಿದ್ದರು, ಅಪ್ಪ ಹೋಗಿ ಸೇದಿ ತರುತ್ತಿದ್ದ, ಮತ್ತೆ ಮುಚ್ಚುತ್ತಿದ್ದರು. ಐದು ಗಂಟೆಗೆ ಯಾರೂ ಕರೆಯಲಿಲ್ಲ. ಒಂದು ದಿನ ಹಾಲು ಪೂರ್ತಿ ಉಕ್ಕಿ ಹೋಯಿತು. ಹಬ್ಬದ ದಿನ ಶಾವಿಗೆ ಪಾಯಸದ ಬಟ್ಟಲು ತಪ್ಪದೆ ಬಂತು, ಆದರೆ ತಂದವರು ರಹೀಂ ಸಾಬರು, ಅದೂ ಬೀದಿ ಬಾಗಿಲಿನಿಂದ, ನೆಂಟರ ಮನೆಗೆ ಕೊಡುವ ಹಾಗೆ. ಬಟ್ಟಲು ತೊಳೆದು ಹಿಂದಕ್ಕೆ ಕೊಡಲು ಹೋದಾಗಲೂ ಅವರೇ ಇಸಿದುಕೊಂಡರು. ನಾನು ಅಲ್ಲೇ ನಿಂತಿದ್ದೆ. ಕಲಾಯಿಯ ಕರಿ ಹಿಡಿದ ಬೆರಳಿನಿಂದ ನನ್ನ ತಲೆ ಮುಟ್ಟಿ, ಆ ದಿನದ ಬದಲಿಗೆ ಒಂದು ಉಪವಾಸ ಬಾಕಿ ಇದೆ, ಗಣೇಶನ ಹಬ್ಬದ ದಿನ ಕೆಲಸವಿಲ್ಲ, ಅವತ್ತು ಇದ್ದು ಮುಗಿಸುತ್ತಾಳಂತೆ, ಆಮೇಲೆ ಸರಿಹೋಗುತ್ತಾಳೆ ಬಿಡು ಎಂದರು. ಅವರು ನನ್ನ ಜೊತೆ ಅಷ್ಟುದ್ದ ಮಾತಾಡಿದ್ದು ಅದೇ ಮೊದಲು.

ಗಣೇಶನ ಹಬ್ಬದ ದಿನ ಓಣಿಯಲ್ಲೆಲ್ಲ ಕಡುಬಿನ ಆವಿಯ ವಾಸನೆ. ನಮ್ಮ ಮನೆಯಲ್ಲಿ ಉಪ್ಪಿಟ್ಟು. ಅಪ್ಪ ತಟ್ಟೆ ಕೊಟ್ಟು ತನ್ನದನ್ನು ತೆಗೆದುಕೊಂಡು ಪೇಪರ್ ಹಿಡಿದ. ನನ್ನ ಪಾಲನ್ನು ಹಿತ್ತಿಲಿಗೆ ಒಯ್ದು ಕಾಗೆಗಳಿಗೆ ಹಾಕಿದೆ. ಅವು ಎರಡು ಕೊಕ್ಕು ತಿಂದು ಹಾರಿಹೋದವು, ಅವಕ್ಕೂ ಪಕ್ಕದ ಮನೆಗಳ ಕಡುಬಿನ ಸುದ್ದಿ ಮುಟ್ಟಿತ್ತು. ನೀರು ಕುಡಿಯಲಿಲ್ಲ. ಉಗುಳು ನುಂಗಬಹುದೋ ಬಾರದೋ ಗೊತ್ತಿರಲಿಲ್ಲ, ಕೇಳುವುದಕ್ಕೆ ಇದ್ದ ಒಬ್ಬರೂ ಬಾಗಿಲು ಹಾಕಿಕೊಂಡಿದ್ದರು, ಅದಕ್ಕೇ ಹನ್ನೊಂದರ ತನಕ ಉಗುಳುತ್ತಲೇ ಇದ್ದೆ, ಆಮೇಲೆ ಉಗುಳೇ ಮುಗಿಯಿತು. ಅವರು ಗೋಡೆಯ ಆ ಕಡೆ ಉಪವಾಸ, ನಾನು ಈ ಕಡೆ ಉಪವಾಸ, ಅವರಿಗೆ ಗೊತ್ತಿಲ್ಲ. ಗೊತ್ತಿಲ್ಲದಿದ್ದರೂ ಒಟ್ಟಿಗೆ ಇದ್ದೇವೆ ಎಂಬ ಒಂದು ಸುಖ ಮಧ್ಯಾಹ್ನದ ತನಕ ನಡೆಯಿತು. ಅವರು ಕಣ್ಣು ಮುಚ್ಚಿ ಕೂರುತ್ತಿದ್ದುದು ಎಲ್ಲಿಗೆ ಹೋಗಲು ಎಂದು ನೋಡೋಣ ಅಂತ ನಾನೂ ಕಣ್ಣು ಮುಚ್ಚಿ ಕೂತೆ. ಎಲ್ಲಿಗೂ ಹೋಗಲಿಲ್ಲ. ಕತ್ತಲೆಯಲ್ಲಿ ಹಸಿವು ಒಂದೇ ಇತ್ತು. ಮೂರು ಗಂಟೆಗೆ ಅಪ್ಪ ಪಡಸಾಲೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ನಾನು ಗಿಡ್ಡ ಬಾಗಿಲಿಗೆ ಒರಗಿ ಕೂತಿದ್ದೆ, ತಲೆ ಸುತ್ತಿ ಹಣೆ ಹಲಗೆಗೆ ದಡ್ಡೆಂದು ಬಡಿಯಿತು.

ಆ ಕಡೆ ಚಪ್ಪಲಿಯ ಸದ್ದು ಬಂತು, ನಿಂತಿತು. ಅಗುಳಿ ತೆಗೆದರು. ಒರಗಿದ್ದವನು ಅವರ ಕಾಲ ಬಳಿಗೇ ಬಿದ್ದೆ. ಹಲೀಮಮ್ಮ ನನ್ನ ಗದ್ದ ಹಿಡಿದು ಎತ್ತಿ, ಒಣಗಿದ ತುಟಿಯನ್ನು ನೋಡಿದರು. ತಿಂಗಳುಗಟ್ಟಲೆ ಉಪವಾಸ ಇದ್ದವರಿಗೆ ಆ ತುಟಿಯ ಗುರುತು ಸಿಕ್ಕದೆ ಇರುತ್ತದೆಯೇ. ಏನನ್ನೂ ಕೇಳದೆ ರಟ್ಟೆ ಹಿಡಿದು ಒಳಗೆ ಕರೆದೊಯ್ದು ಕೂರಿಸಿದರು. ಒಲೆ ಹಚ್ಚಿದರು. ಬೇಳೆಯ ಸಾರು ಬಿಸಿ ಮಾಡಿ, ಅನ್ನಕ್ಕೆ ಕಲಸಿ, ತುಪ್ಪ ಹಾಕಿದರು. ಅವರೂ ಬೆಳಗಿನಿಂದ ಏನೂ ತಿಂದಿಲ್ಲ. ಸಾರಿನ ಆವಿ ಮುಖಕ್ಕೆ ಹೊಡೆದಾಗ ಮುಖ ಪಕ್ಕಕ್ಕೆ ತಿರುಗಿಸಿಕೊಂಡದ್ದು ಕಂಡಿತು. ತಟ್ಟೆ ನನ್ನ ಮುಂದಿಟ್ಟು, ಎಂದಿನ ಹಾಗೆ, ಎದುರಿಗೆ ಕೂತರು.

‘ಯಾರು ಹೇಳುದ್ರೋ ನಿಂಗೆ ಉಪವಾಸ ಇರು ಅಂತ?’

‘ಯಾರೂ ಹೇಳ್ಲಿಲ್ಲ.’

‘ಮತ್ತೆ ಯಾರಿಗೆ ಅಂತ ಇದ್ದೆ? ನಿಮ್ಮ ದೇವ್ರಿಗಾ, ನಮ್ಮ ದೇವ್ರಿಗಾ?’

ಯೋಚನೆ ಮಾಡಿದೆ. ನಮ್ಮವರು ಧೂಳಿನಲ್ಲಿ ಕೂತು ನನ್ನನ್ನು ನೋಡಿ ಸುಮ್ಮನಿದ್ದವರು. ಇವರ ದೇವರ ಹೆಸರಿನಲ್ಲಿ ನಾನು ಮೋಸ ಮಾಡಿದವನು. ಇಬ್ಬರ ಹತ್ತಿರವೂ ನನಗೆ ಮುಖವಿರಲಿಲ್ಲ.

‘ಯಾರಿಗೂ ಅಲ್ಲ’ ಎಂದೆ. ‘ನಿಮಗೆ.’

ಅವರು ತಟ್ಟೆಯನ್ನು ಇನ್ನೂ ಹತ್ತಿರ ತಳ್ಳಿದರು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಅವರು ಸಂಜೆಯ ತನಕ ಇರುವಾಗ ನಾನು ನಡುವೆ ಬಿಟ್ಟರೆ ಇದೂ ಒಂದು ಅಣಕು ಆಗಿಬಿಡುತ್ತದೆ ಎಂದು ನನ್ನ ಹಟ. ತುಪ್ಪದ ವಾಸನೆಗೆ ಕಣ್ಣಲ್ಲಿ ನೀರು ಬಂದಿತ್ತು, ಅದನ್ನೂ ಅವರು ನೋಡಿದರು. ಬಾಂಗು ಆಗುವ ತನಕ ಒಂದಗುಳೂ ಮುಟ್ಟುವುದಿಲ್ಲ ಎಂದೆ.

‘ಅಲ್ಲಾಗೆ ಅಂತ ಇದ್ದ ಉಪವಾಸಕ್ಕೆ ಮಸೀದಿ ಬಾಂಗು ಕಾಯ್ಬೇಕು ಕಣೋ’ ಎಂದರು ಹಲೀಮಮ್ಮ. ‘ನಂಗೆ ಅಂತ ಇದ್ದಿದ್ದಕ್ಕೆ ನಾನೇ ಕೂಗ್ತೀನಿ. ಉಣ್ಣು.’